ಕೋಡಿಂಗ್ ಬರದ ಝೆರಾಕ್ಸ್ ಅಂಗಡಿಯವನ ಓಪನ್ ಸೋರ್ಸ್ ಫೋನ್ ಪುರಾಣ

ಓಪನ್ ಸೋರ್ಸ್ ಫೋನಿಗೆ, ಅಂದ್ರೆ ಒಳಗಿನ ಕೋಡನ್ನು ಯಾರು ಬೇಕಾದ್ರೂ ನೋಡಬಹುದಾದ ಫೋನಿಗೆ, ಸಪೋರ್ಟ್ ಮಾಡ್ತೇನೆ ಅಂದ ಕೂಡ್ಲೆ ಎದುರಿನವ್ರು ಕೇಳುದು, ನಿಮಗೆ ಕೋಡಿಂಗ್ ಬರ್ತದಾ ಅಂತ. ಬರುದಿಲ್ಲ ಮಾರಾಯ್ರೆ. ನಾನು ಕಲಿತದ್ದು ಬಿಕಾಂ, ಇರುದು ಕಾಸರಗೋಡು ಜಿಲ್ಲೆಯ ಪೆರ್ಲದಲ್ಲಿ, ಮಾಡುದು ಝೆರಾಕ್ಸ್ ಅಂಗಡಿ, ಅದ್ರ ಒಟ್ಟಿಗೆ ರೀಚಾರ್ಜು, ಲ್ಯಾಮಿನೇಶನ್ನು, ಪಾಸ್‌ಪೋರ್ಟ್ ಸೈಜ್ ಫೋಟೋ, ಜೂನ್ ತಿಂಗಳಲ್ಲಿ ನೋಟ್ ಬುಕ್ಕು. ಕಂಪ್ಯೂಟರಲ್ಲಿ ನನ್ನ ಪಾಂಡಿತ್ಯ ಅಂದ್ರೆ ನುಡಿಯಲ್ಲಿ ಅರ್ಜಿ ಟೈಪ್ ಮಾಡುದು, ಮದುವೆ ಕಾಗದ ಸೆಟ್ ಮಾಡುದು, ಅಷ್ಟೇ. ಆದ್ರೂ ಕೆಲವು ವರ್ಷದಿಂದ ನನ್ನ ಕಿಸೆಯಲ್ಲಿರುದು ಲಿನೇಜ್ ಓಎಸ್ ಹಾಕಿದ ಫೋನು, ಅದು ಕಂಪೆನಿ ಕೊಟ್ಟ ಸಾಫ್ಟ್‌ವೇರಿನ ಬದಲಿಗೆ ಹಾಕುವ ಓಪನ್ ಸೋರ್ಸ್ ಆಂಡ್ರಾಯ್ಡು, ಅದ್ರಲ್ಲಿ ಗೂಗಲ್ ಅಕೌಂಟ್ ಇಲ್ಲ, ಮತ್ತೆ ಇಂಥ ಪ್ರಾಜೆಕ್ಟುಗಳಿಗೆ ನನ್ನ ಕೈಲಾದ ಕೆಲ್ಸ ಮಾಡಿಕೊಡ್ತಾ ಬಂದಿದ್ದೇನೆ. ಹೇಗೆ ಅಂತ ಕೇಳುವವ್ರು ಜಾಸ್ತಿ ಆದ್ರು, ಹಾಗಾಗಿ ಬರೀತಾ ಇದ್ದೇನೆ.

ಝೆರಾಕ್ಸ್ ಅಂಗಡಿಯಲ್ಲಿ ಕೂತವನಿಗೆ ಊರಿನವ್ರ ಫೋನಿನ ಒಳಗೆ ಎಂತೆಲ್ಲ ನಡೀತದೆ ಅಂತ ಬೇಡ ಅಂದ್ರೂ ಕಾಣ್ತದೆ. ಆಧಾರ್ ಪ್ರಿಂಟ್ ತೆಗೀಲಿಕ್ಕೆ ಅನ್‌ಲಾಕ್ ಮಾಡಿದ ಫೋನನ್ನೇ ಕೌಂಟರ್ ಮೇಲೆ ಇಟ್ಟು ಚಾ ಕುಡೀಲಿಕ್ಕೆ ಹೋಗುವವ್ರು ಇದ್ದಾರೆ, ಒಟಿಪಿಯನ್ನು ಬಸ್‌ಸ್ಟ್ಯಾಂಡಿಗೆ ಕೇಳುವ ಹಾಗೆ ಓದಿ ಹೇಳುವವ್ರೂ ಇದ್ದಾರೆ. ನನಗೆ ನಿಜವಾಗಿ ತಲೆ ಬಿಸಿ ಆದದ್ದು ಒಬ್ಬ ಹುಡುಗನ ಕೇಸಲ್ಲಿ. ಯಾವುದೋ ಸಾಲದ ಆ್ಯಪಿಂದ ಚೂರು ದುಡ್ಡು ತೆಗ್ದಿದ್ದ, ಕಂತು ತಪ್ಪಿದ್ದೇ ತಡ ಅವನ ಕಾಂಟ್ಯಾಕ್ಟ್ ಲಿಸ್ಟಲ್ಲಿ ಇದ್ದವರಿಗೆಲ್ಲ ಫೋನು, ಸೋದರಮಾವನಿಗೆ, ಕಾಲೇಜು ಲೆಕ್ಚರರಿಗೆ, ಕಡೆಗೆ ನನಗೂ, ಯಾಕೆಂದ್ರೆ ನನ್ನ ನಂಬರು ಅವನ ಫೋನಲ್ಲಿ 'ಝೆರಾಕ್ಸ್ ಪೆರ್ಲ' ಅಂತ ಸೇವ್ ಆಗಿತ್ತು. ಡಿಜಿಟಲ್ ಸಾಲ ಕೊಡುವ ಆ್ಯಪುಗಳು ಕಾಂಟ್ಯಾಕ್ಟು, ಕಾಲ್ ಲಾಗು, ಫೈಲು ಮುಟ್ಟಬಾರ್ದು ಅಂತ ರಿಸರ್ವ್ ಬ್ಯಾಂಕು 2022ರ ಸೆಪ್ಟೆಂಬರಿನಲ್ಲೇ ಹೇಳಿದೆ. ಹೇಳಿದ್ದು ಸರಿ, ಆದ್ರೆ ಆ್ಯಪು ಒಳಗೆ ಎಂತ ಮಾಡ್ತದೆ ಅಂತ ನೋಡುದು ಯಾರು? ಓಪನ್ ಸೋರ್ಸ್ ಅಂದ್ರೆ ಕಡೇಪಕ್ಷ ನೋಡಬೇಕು ಅನ್ನಿಸಿದವನಿಗೆ ನೋಡ್ಲಿಕ್ಕೆ ಬಾಗಿಲು ತೆರೆದಿರ್ತದೆ, ನಾನು ಓದದಿದ್ರೂ ಓದ್ಲಿಕ್ಕೆ ಗೊತ್ತಿರುವ ಯಾರೋ ಒಬ್ರು ಓದಬಹುದು. ನನಗೆ ಅಷ್ಟು ಸಾಕಾಯ್ತು.

ಯಾವ ಫೋನು ಅಂತ ಹುಡುಕಿದ್ರೆ ಅಲ್ಲೊಂದು ದೊಡ್ಡ ಲೋಕವೇ ಉಂಟು. ನೆದರ್‌ಲ್ಯಾಂಡ್ಸಿನ ಫೇರ್‌ಫೋನ್ ಇಲ್ಲಿ ಮಾರಾಟಕ್ಕಿಲ್ಲ. ಪೈನ್‌ಫೋನ್, ಲಿಬ್ರೆಮ್ 5 ಅಂತ ಪೂರಾ ಲಿನಕ್ಸ್ (ಕಂಪ್ಯೂಟರಿಗೆ ವಿಂಡೋಸಿನ ಬದಲು ಹಾಕುವ ಓಪನ್ ಸೋರ್ಸ್ ಓಎಸ್) ಫೋನುಗಳು ಉಂಟು, ಓದ್ಲಿಕ್ಕೆ ಚಂದ, ಆದ್ರೆ ದಿನಾ ಗಿರಾಕಿಗಳ ಕಾಲ್ ತೆಗೀಬೇಕಾದವನಿಗೆ ಅಲ್ಲ. ಗ್ರಾಫೀನ್ ಓಎಸ್ ಸೆಕ್ಯುರಿಟಿಗೆ ಹೆಸರು ಹೋದದ್ದು, ಆದ್ರೆ ಅದಕ್ಕೆ ಗೂಗಲಿನ ಪಿಕ್ಸೆಲ್ ಫೋನೇ ಬೇಕು, ಗೂಗಲಿಂದ ದೂರ ಹೋಗ್ಲಿಕ್ಕೆ ಗೂಗಲ್ ಫೋನೇ ತೆಗೀಬೇಕು ಅಂದಾಗ ನನ್ನ ಹೆಂಡತಿ ನಕ್ಕದ್ದು ಇನ್ನೂ ನಿಂತಿಲ್ಲ. ಮಾಂಡ್ರೇಕ್ ಲಿನಕ್ಸ್ ಮಾಡಿದ ಗಾಯೆಲ್ ದ್ಯುವಾಲ್ ಸುರು ಮಾಡಿದ ಇ ಓಎಸ್ ಅಂತ ಒಂದುಂಟು, ಅದೂ ಲಿನೇಜ್ ಮೇಲೆಯೇ ಕಟ್ಟಿದ್ದು. ಕಡೆಗೆ ಲಿನೇಜಿಗೇ ಬಂದೆ, ಇದು ಸಯನೋಜೆನ್‌ಮೋಡ್ ಅಂತ ಇಂಥದ್ದೇ ಹಳೇ ಓಎಸ್ 2016ರ ಕೊನೆಗೆ ನಿಂತು ಹೋದಾಗ ಅದ್ರ ಬೆನ್ನಿಗೇ ಹುಟ್ಟಿದ್ದು. ಕಾರಣ ಸರಳ, ಡ್ರಾಯರಲ್ಲಿ ಬಿದ್ದಿದ್ದ ನನ್ನ ಹಳೇ ಫೋನು ಅವರ ಲಿಸ್ಟಲ್ಲಿ ಇತ್ತು, ಹೊಸ ಖರ್ಚಿಲ್ಲ.

ಲಿಸ್ಟ್ ನೋಡುವಾಗ ಒಂದು ಮುಖ್ಯ ವಿಷಯ. ಡಬ್ಬದ ಮೇಲೆ ಇರುವ ಹೆಸರನ್ನು ನಂಬಬೇಡಿ, ಒಂದೇ ಹೆಸರಿನ ಫೋನು ಒಳಗೆ ಬೇರೆ ಬೇರೆ ಇರ್ತದೆ, ಕೋಡ್‌ನೇಮ್ ಅಂತ ಒಂದುಂಟು, ಅದು ಅಕ್ಷರ ಅಕ್ಷರ ತಾಳೆ ಆಗ್ಬೇಕು. ಆಮೇಲೆ ಬೂಟ್‌ಲೋಡರ್, ಅಂದ್ರೆ ಫೋನು ಆನ್ ಆಗುವಾಗ ಓಎಸ್ಸನ್ನು ಎಬ್ಬಿಸುವ ಸಣ್ಣ ಪ್ರೋಗ್ರಾಮು, ಅದನ್ನು ಅನ್‌ಲಾಕ್ ಮಾಡ್ಲಿಕ್ಕೆ ಆ ಕಂಪೆನಿ ಬಿಡ್ತದಾ ಅಂತ ನೋಡ್ಬೇಕು. ನನ್ನ ಫೋನಿನ ಕಂಪೆನಿ ಬಿಡ್ತದೆ, ಆದ್ರೆ ಅರ್ಜಿ ಹಾಕಿ, ಅಕೌಂಟ್ ಮಾಡಿ, ವಾರ ಕಾದು, ನಮ್ಮದೇ ದುಡ್ಡಿನ ಫೋನಿಗೆ ಅವರ ಪರ್ಮಿಶನ್ ಸಿಕ್ಕಬೇಕು. ಅದೊಂದು ಕಿರಿಕಿರಿ, ಸಹಿಸಿಕೊಂಡೆ.

ಹಾಕುವ ದಿವಸ ಮಗಳನ್ನು ಕೂರಿಸಿಕೊಂಡೆ. ಇಲ್ಲಿ ಕಾಸರಗೋಡಿನ ನಮಗೆ ಒಂದು ಅನುಕೂಲ ಉಂಟು, ಅದನ್ನು ನಾವೇ ಹೇಳಿಕೊಳ್ಳುದಿಲ್ಲ. ಕೇರಳದ ಸರ್ಕಾರಿ, ಅನುದಾನಿತ ಶಾಲೆಗಳಲ್ಲಿ ಐಟಿ ಪಾಠ ನಡೆಯುದು ಲಿನಕ್ಸಲ್ಲಿ, ಕನ್ನಡ ಮೀಡಿಯಂ ಮಕ್ಕಳಿಗೂ ಹಾಗೇ, ಅದನ್ನು ನಡೆಸುವ ಸರ್ಕಾರಿ ಸಂಸ್ಥೆ ಹಿಂದೆ ಐಟಿ ಅಟ್ ಸ್ಕೂಲ್ ಅಂತ ಇದ್ದದ್ದು 2017ರಿಂದ ಕೈಟ್ ಆಯ್ತು. ಜಿಂಪು, ಇಂಕ್‌ಸ್ಕೇಪು, ಪೈಥಾನು ಎಲ್ಲ ಈ ಮಕ್ಕಳಿಗೆ ಹೈಸ್ಕೂಲಲ್ಲೇ ಗುರ್ತ. ಟರ್ಮಿನಲ್ ಕಪ್ಪು ಪರದೆ ನೋಡಿ ನಾನು ಹೆದರ್ತೇನೆ, ಅವಳು "ಅಪ್ಪ, ನೀವು ಓದಿ ಹೇಳಿ, ನಾನು ಟೈಪ್ ಮಾಡ್ತೇನೆ" ಅಂತ ಚಕ್ಕಳಮಕ್ಕಳ ಹಾಕಿ ಕೂತಳು.

ಸೆಟ್ಟಿಂಗ್ಸಲ್ಲಿ ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಿದ್ರೆ ಡೆವಲಪರ್ ಆಪ್ಶನ್ ತೆರೀತದೆ. ಯುಎಸ್‌ಬಿ ಡಿಬಗಿಂಗ್ ಆನ್, ಒಇಎಂ ಅನ್‌ಲಾಕಿಂಗ್ ಆನ್, ಆಮೇಲೆ ಫಾಸ್ಟ್‌ಬೂಟ್ ಅಂತ ಕಂಪ್ಯೂಟರಿಂದ ಆದೇಶ ಕೊಡುವ ಮೋಡಿಗೆ ಹೋಗಿ ಅನ್‌ಲಾಕ್. ಅನ್‌ಲಾಕ್ ಆಗುವಾಗ ಫೋನಲ್ಲಿ ಇದ್ದದ್ದೆಲ್ಲ ಅಳಿಸಿ ಹೋಗ್ತದೆ, ಅದು ಬೇಕೂಂತ ಇಟ್ಟ ವ್ಯವಸ್ಥೆ, ಕದ್ದ ಫೋನನ್ನು ಯಾರಾದ್ರೂ ಹೀಗೆ ತೆರೆದ್ರೆ ಒಳಗಿನ ಫೋಟೋ ಸಿಗಬಾರ್ದಲ್ಲ. ಆಮೇಲೆ ಲಿನೇಜಿನ ರಿಕವರಿ, ಅಂದ್ರೆ ಓಎಸ್ ಹಾಕ್ಲಿಕ್ಕಿರುವ ಸಣ್ಣ ಪ್ರೋಗ್ರಾಮು ಹಾಕಿ, ಅದ್ರಿಂದ ಸೈಡ್‌ಲೋಡು, ಅಂದ್ರೆ ಕೇಬಲಲ್ಲಿ ಕಂಪ್ಯೂಟರಿಂದ ಫೋನಿಗೆ ಓಎಸ್ ಕಳಿಸುದು. ಪರ್ಸೆಂಟೇಜು ಏರ್ತಾ ಏರ್ತಾ 47ಕ್ಕೆ ಬಂದು ನಿಂತಿತು. ಕಂಪ್ಯೂಟರಲ್ಲಿ ಬಂದ ಮೆಸೇಜು ನೋಡ್ಬೇಕು, 'ಫೇಲ್ಡ್ ಟು ರೀಡ್ ಕಮಾಂಡ್: ಸಕ್ಸೆಸ್'. ಫೇಲಾ ಸಕ್ಸೆಸ್ಸಾ? ಹೆಂಡತಿ ಅಡಿಗೆಮನೆಯಿಂದ "ಆಯ್ತಾ?" ಅಂತ ಕೇಳಿದ್ದಕ್ಕೆ ಮಗಳು "ಆಯ್ತು, ಆದ್ರೆ ಆಗ್ಲಿಲ್ಲ" ಅಂದ್ಳು. ಗಾಬರಿಯಲ್ಲಿ ಕೇಬಲ್ ಎಳಿಯುವವರಿಗಾಗಿ ಲಿನೇಜಿನವರ ವಿಕಿಯಲ್ಲಿ ಅದನ್ನೂ ಬರೆದಿಟ್ಟಿದ್ದಾರೆ, 47ರಲ್ಲಿ ನಿಂತು ಹೀಗೆ ಬಂದ್ರೂ ಕೆಲವು ಸಲ ಕೆಲ್ಸ ಮುಗಿದಿರ್ತದೆ ಅಂತ. ಮುಗಿದಿತ್ತು. ಆ ಸಾಲು ಓದಿದಾಗ ನನಗೆ ಹೊಳೆದದ್ದು, ಇದನ್ನು ಬರೆದದ್ದು ಕೋಡ್ ಬರೆದವನೇ ಆಗ್ಬೇಕಂತಿಲ್ಲ, ಇಲ್ಲಿ ಸಿಕ್ಕಿಬಿದ್ದ ಯಾರೋ ಒಬ್ಬ, ಹಿಂದೆ ಬರುವವನಿಗೆ ಅಂತ ಗುರ್ತು ಹಾಕಿ ಹೋಗಿದ್ದಾನೆ. ಅದು ನನಗೂ ಆಗುವ ಕೆಲ್ಸ.

ದಿನನಿತ್ಯದ ಬಳಕೆ ಬಗ್ಗೆ ಜಾಸ್ತಿ ಹೇಳುದಿಲ್ಲ. ಆ್ಯಪುಗಳಿಗೆ ಪ್ಲೇಸ್ಟೋರಿನ ಬದಲು ಎಫ್-ಡ್ರಾಯ್ಡ್ ಅಂತ ಓಪನ್ ಸೋರ್ಸ್ ಆ್ಯಪುಗಳ ಸ್ಟೋರು, ಅಲ್ಲಿ ಹೆಚ್ಚಿನ ಆ್ಯಪುಗಳನ್ನು ಅವರೇ ಸೋರ್ಸಿಂದ ಕಟ್ಟಿ ಕೊಡ್ತಾರೆ, ಜಾಹೀರಾತೋ ಟ್ರ್ಯಾಕಿಂಗೋ ಇದ್ರೆ ಆ್ಯಪಿನ ಪುಟದಲ್ಲೇ ಎಚ್ಚರಿಕೆ ಹಾಕಿರ್ತಾರೆ. ಬ್ಯಾಂಕಿನ ಆ್ಯಪು ಮಾತ್ರ ತಂಟೆ, ಬೂಟ್‌ಲೋಡರ್ ಅನ್‌ಲಾಕ್ ಆದ ಫೋನು ಅಂತ ಗೊತ್ತಾದ ಕೂಡ್ಲೆ ಕೆಲವು ಬಾಗಿಲು ಹಾಕಿ ಬಿಡ್ತವೆ. ಅಂಗಡಿಯ ಕ್ಯೂಆರ್ ಕೋಡಿಗೆ ದುಡ್ಡು ಬೀಳುದು ಹೇಗೂ ಬೀಳ್ತದೆ, ಉಳಿದದ್ದಕ್ಕೆ ಕಂಪೆನಿಯ ಸಾಫ್ಟ್‌ವೇರೇ ಇರುವ ಇನ್ನೊಂದು ಫೋನು ಗಲ್ಲಾಪೆಟ್ಟಿಗೆಯಲ್ಲಿ ಇರ್ತದೆ. ಇದನ್ನು ಮುಚ್ಚಿಟ್ಟು "ಎಲ್ಲ ಸುಸೂತ್ರ" ಅಂತ ಹೇಳುವವ್ರನ್ನು ಕಂಡ್ರೆ ನನಗಾಗುದಿಲ್ಲ, ಯಾಕೆಂದ್ರೆ ಆ ಮಾತು ನಂಬಿ ಹಾಕಿಸಿಕೊಂಡವ ಮೊದಲ ಸಲ ಯುಪಿಐ ಫೇಲಾದಾಗ ಇಡೀ ವಿಷಯಕ್ಕೇ ಬೈತಾನೆ.

ಈಗ ನಾನು ಮಾಡಿದ ಕೆಲ್ಸಗಳಲ್ಲಿ ನನಗೆ ಖುಷಿ ಕೊಟ್ಟದ್ದು. ನಮ್ಮದು ಎಣ್ಮಕಜೆ ಪಂಚಾಯತು, ಚೆರ್ಕಳ-ಕಲ್ಲಡ್ಕ ರಸ್ತೆಯಲ್ಲಿ ಪೆರ್ಲ ದಾಟಿ ಅಡ್ಕಸ್ಥಳಕ್ಕೆ ಹೋದ್ರೆ ಆಚೆ ಕರ್ನಾಟಕ. ಟವರಿಗೆ ಗಡಿ ಗೊತ್ತುಂಟಾ? ಕೇರಳದ ಸಿಮ್ಮು ಮನೆ ಅಂಗಳದಲ್ಲಿ ಕೇರಳ ಟವರು ಹಿಡೀತದೆ, ತೋಟಕ್ಕೆ ಇಳಿದ್ರೆ ಕರ್ನಾಟಕದ್ದು. ಲಿನೇಜ್ ಹಾಕಿದ ಫೋನಲ್ಲಿ ಕರ್ನಾಟಕದ ಟವರಿಗೆ ಹೋದ ಕೂಡ್ಲೆ ಸಿಗ್ನಲ್ ಪಕ್ಕ ಸಣ್ಣ 'ಆರ್' ಬಂದು ಡೇಟಾ ನಿಲ್ತಿತ್ತು. ರೋಮಿಂಗ್ ಡೇಟಾ ಆಫ್ ಇದ್ದದ್ದು, ಆನ್ ಮಾಡಿದ್ರೆ ಸರಿಯಾಗ್ತದೆ, ನನಗೆ ಅಷ್ಟು ಗೊತ್ತುಂಟು. ಆದ್ರೆ ಅದೇ ಸಿಮ್ಮು ಕಂಪೆನಿಯ ಸಾಫ್ಟ್‌ವೇರ್ ಇರುವ ಫೋನಿಗೆ ಹಾಕಿದ್ರೆ ಆರ್ ಬರುದೇ ಇಲ್ಲ. ಹಾಗಾದ್ರೆ ವ್ಯತ್ಯಾಸ ಎಲ್ಲಿ?

ಇದನ್ನು ಲಿನೇಜಿನವರಿಗೆ ಬರೆದು ಕಳಿಸಿದೆ. ಪ್ರತಿಯೊಂದು ಮಾಡೆಲಿಗೂ ಲಿನೇಜಲ್ಲಿ ಒಬ್ರೋ ಇಬ್ರೋ ಸ್ವಯಂಸೇವಕರು ಜವಾಬ್ದಾರಿ ಹೊತ್ತಿರ್ತಾರೆ, ಅವ್ರು ಬಿಟ್ರೆ ಆ ಫೋನು ಲಿಸ್ಟಿಂದ ಹೋಯ್ತು ಅಂತ ಲೆಕ್ಕ. ನಮ್ಮ ಮಾಡೆಲಿನವ್ರು ಯುರೋಪಿನವ್ರು. ಅವರ ಮೊದಲ ಉತ್ತರ, "ದೇಶ ಒಂದೇ, ಕಂಪೆನಿ ಒಂದೇ, ರೋಮಿಂಗ್ ಹೇಗೆ ಬರ್ತದೆ?" ಅಂತ. ಪಾಪ, ಅವರಿಗೆ ಹೇಗೆ ಗೊತ್ತಾಗ್ಬೇಕು. ಭಾರತವನ್ನು 22 ಟೆಲಿಕಾಂ ಸರ್ಕಲ್ ಅಂತ ಭಾಗ ಮಾಡಿದ್ದಾರೆ, ಒಂದೇ ಕಂಪೆನಿಗೂ ಕೇರಳದಲ್ಲಿ ಒಂದು ನೆಟ್‌ವರ್ಕ್ ಸಂಖ್ಯೆ, ಕರ್ನಾಟಕದಲ್ಲಿ ಇನ್ನೊಂದು, ಮೊದಲ ಮೂರು ಅಂಕಿ 404 ಅಥವಾ 405 ಅಂದ್ರೆ ಭಾರತ, ಅದ್ರ ನಂತರದ್ದು ಕಂಪೆನಿ ಮತ್ತು ಸರ್ಕಲ್ ಮೇಲೆ ಹೋಗ್ತದೆ ಅಂತೆಲ್ಲ ಬರೆದೆ. ಇಂಗ್ಲಿಷು ತಪ್ಪಿರಬಹುದು, ವಿಷಯ ಸರಿ ಇತ್ತು. ಅವರು ಕೇಳಿದ್ದು ಒಂದೇ, ಗಡಿಯ ಎರಡೂ ಬದಿ ನಿಂತು ಫೋನು ಎಂತ ಹೇಳ್ತದೆ ಅಂತ ಬರೆದು ಕೊಡಿ.

ಅದಕ್ಕೆ ಕೋಡಿಂಗ್ ಎಂತಕ್ಕೆ? ಡಯಲರಲ್ಲಿ *#*#4636#*#* ಒತ್ತಿದ್ರೆ ಒಂದು ಪರೀಕ್ಷೆ ಪರದೆ ಬರ್ತದೆ, ಅದ್ರಲ್ಲಿ ಫೋನು ಯಾವ ನೆಟ್‌ವರ್ಕಲ್ಲಿ ಉಂಟು, ರೋಮಿಂಗಾ ಅಲ್ವಾ ಎಲ್ಲ ಕಾಣ್ತದೆ. ಅಂಗಡಿ ಮುಚ್ಚಿ ಸ್ಕೂಟರಲ್ಲಿ ಅಡ್ಕಸ್ಥಳಕ್ಕೆ ಹೋಗಿ, ಎರಡೂ ಫೋನು ಕೈಯಲ್ಲಿ ಹಿಡಿದು ರಸ್ತೆ ಬದಿ ಹತ್ತು ಹೆಜ್ಜೆ ಆಚೆ, ಹತ್ತು ಹೆಜ್ಜೆ ಈಚೆ ನಡೀತಾ ಸ್ಕ್ರೀನ್‌ಶಾಟ್ ತೆಗ್ದೆ. ಬಸ್ಸಿಗೆ ಕಾಯ್ತಾ ಇದ್ದ ಒಬ್ರು ಹಿರಿಯರು ಬಹಳ ಹೊತ್ತು ನೋಡಿ "ಎಂತ ಸಾ, ಸರ್ವೆಯಾ? ರಸ್ತೆ ಅಗಲ ಮಾಡ್ಲಿಕ್ಕುಂಟಾ?" ಅಂತ ಕೇಳಿದ್ರು. ಟವರ್ ನೋಡುದು ಅಂದೆ. "ಹಾಗಾದ್ರೆ ನಮ್ಮ ಮನೆ ಹತ್ರವೂ ಸ್ವಲ್ಪ ನೋಡಿ" ಅಂದ್ರು, ಅವರ ಮನೆಯಲ್ಲಿ ಯಾವ ರಾಜ್ಯದ ಟವರೂ ಸಿಗುದಿಲ್ಲವಂತೆ.

ಲಾಗ್, ಅಂದ್ರೆ ಒಳಗೆ ಎಂತ ನಡೀತು ಅಂತ ಫೋನು ತಾನೇ ಬರೆದಿಡುವ ದಾಖಲೆ, ಅದು ಕೂಡ ಬೇಕು ಅಂದಿದ್ರು, ಮಗಳು ತೆಗೆದು ಕೊಟ್ಟಳು. ಇಲ್ಲೊಂದು ಎಚ್ಚರಿಕೆ. ಲಾಗಲ್ಲಿ ನಮ್ಮ ನಂಬರು, ಕಾಲ್ ಮಾಡಿದವರ ನಂಬರು, ವೈಫೈ ಹೆಸರು ಎಲ್ಲ ಬಂದಿರಬಹುದು, ಪ್ರೈವೆಸಿ ಅಂತ ಹೊರಟವ ಅದನ್ನು ಹಾಗೇ ಇಂಟರ್ನೆಟ್ಟಿಗೆ ಎಸೆದ್ರೆ ಆಯ್ತಲ್ಲ ಕಥೆ! ಕೂತು ಓದಿ, ಅಂಥದ್ದನ್ನು ಅಳಿಸಿ ಕಳಿಸಿದೆ. ಒಂದೇ ಕಂಪೆನಿಯ ಬೇರೆ ಸರ್ಕಲಿನ ಸಂಖ್ಯೆಗಳನ್ನು ರೋಮಿಂಗ್ ಅಲ್ಲ ಅಂತ ತಿಳ್ಕೊಳ್ಳುವ ಪಟ್ಟಿ ಆಂಡ್ರಾಯ್ಡಲ್ಲಿ ಇಡ್ಲಿಕ್ಕೆ ಜಾಗ ಉಂಟಂತೆ, ಅದಕ್ಕೆ ನಮ್ಮ ಎರಡು ಸರ್ಕಲಿನ ಸಂಖ್ಯೆ ಸೇರಿತು. ಮುಂದಿನ ಅಪ್‌ಡೇಟ್ ಹಾಕಿ ತೋಟಕ್ಕೆ ಇಳಿದೆ, ಆರ್ ಇಲ್ಲ. ತಲಪಾಡಿಯಲ್ಲಿ ಇರುವ ನನ್ನ ಭಾವನಿಗೂ ಅದೇ ಮಾಡೆಲು, ಅವನು ಯಾಕೆ ಸರಿಯಾಯ್ತು ಅಂತ ಗೊತ್ತಿಲ್ಲದೆ ಸುಖವಾಗಿದ್ದಾನೆ.

ಹೇಳ್ಲಿಕ್ಕೆ ಹೊರಟದ್ದು ಇದನ್ನೇ. ಅವರ ಹತ್ರ ಕೋಡ್ ಬರೆಯುವವ್ರು ಇದ್ದಾರೆ, ಕಾಸರಗೋಡಿನ ಗಡಿಯಲ್ಲಿ ಕನ್ನಡದಲ್ಲಿ ಫೋನ್ ಇಟ್ಟುಕೊಂಡು ನಿಲ್ಲುವವ ಇರ್ಲಿಲ್ಲ. ಎಲ್ಲಿ ನಿಂತಿದ್ದೆ, ಎಂತ ಒತ್ತಿದೆ, ಎಂತ ಆಗ್ಬೇಕಿತ್ತು, ಎಂತ ಆಯ್ತು ಅಂತ ಯಾರು ಕೋಪ ಮಾಡದೆ ಬರೆದು ಕೊಡ್ತಾರೋ ಅವರಿಗೆ ಅಲ್ಲಿ ಒಳ್ಳೆ ಮರ್ಯಾದೆ ಉಂಟು. "ನಿಮ್ಮ ಓಎಸ್ ಸರಿ ಇಲ್ಲ" ಅಂತ ಒಂದು ಸಾಲು ಬರೆದ್ರೆ ಯಾರೂ ಕ್ಯಾರೇ ಅನ್ನುದಿಲ್ಲ, ಅನ್ನಬೇಕಂತಲೂ ಇಲ್ಲ, ಸಂಬಳ ಇಲ್ಲದೆ ರಾತ್ರಿ ಕೂತು ಕೆಲ್ಸ ಮಾಡುವವ್ರು.

ಇನ್ನೊಂದು ಇಂಥದ್ದೇ ಕೀಬೋರ್ಡಿಂದು. ನಮ್ಮ ಕೇರಳದ ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗಿನವ್ರ ಇಂಡಿಕ್ ಕೀಬೋರ್ಡಿಂದ ಹಿಡಿದು ಕನ್ನಡ ಇರುವ ಮುಕ್ತ ಕೀಬೋರ್ಡುಗಳು ಕೆಲವು ಉಂಟು. ನಾನು ಪ್ರಯತ್ನ ಮಾಡಿದ ಒಂದರಲ್ಲಿ ಶಾಲೆಯ ಪೋಸ್ಟರಿಗೆ ರ‍್ಯಾಂಕ್ ಅಂತ ಬರೀಲಿಕ್ಕೆ ಹೋದ್ರೆ ಪ್ರತೀ ಸಲ ಅರ್ಕಾವತ್ತು ಹಾಕಿ ರ್ಯಾಂಕ್ ಅಂತ ಬರ್ತಿತ್ತು. ಯೂನಿಕೋಡಲ್ಲಿ ಇದಕ್ಕೆ ದಾರಿ ಉಂಟು, ರ ಆದ ಮೇಲೆ ಕಣ್ಣಿಗೆ ಕಾಣದ ಒಂದು ಜೋಡಕ ಚಿಹ್ನೆ ಹಾಕಿ ಆಮೇಲೆ ಹಲಂತು, ಆಮೇಲೆ ಯ ಹಾಕಿದ್ರೆ ರ ಪೂರ್ತಿ ರ ಆಗಿಯೇ ನಿಲ್ತದೆ. ಆ ಕೀಬೋರ್ಡಲ್ಲಿ ಆ ಚಿಹ್ನೆಗೆ ಕೀಲಿಯೇ ಇರ್ಲಿಲ್ಲ. ಮಾಡಿದವರಿಗೆ ಕನ್ನಡ ಬರುದಿಲ್ಲ, ಎರಡೂ ಅವರ ಕಣ್ಣಿಗೆ ಒಂದೇ ಥರ ಕಾಣ್ಬಹುದು. ಎರಡನ್ನೂ ಪಕ್ಕ ಪಕ್ಕ ದೊಡ್ಡದಾಗಿ ಪ್ರಿಂಟ್ ತೆಗ್ದು, ತಪ್ಪಿದ ಕಡೆ ಕೆಂಪು ಪೆನ್ನಲ್ಲಿ ಸುತ್ತು ಹಾಕಿ ಫೋಟೋ ಕಳಿಸಿದೆ, ಝೆರಾಕ್ಸ್ ಅಂಗಡಿ ಇದ್ದದ್ದಕ್ಕೆ ಅಷ್ಟಾದ್ರೂ ಪ್ರಯೋಜನ. ಕೀಲಿ ಬಂತು, ರ ಒತ್ತಿ ಹಿಡಿದ್ರೆ ಸಿಗ್ತದೆ ಈಗ.

ಅನುವಾದವೂ ಮಾಡ್ತೇನೆ, ಎಫ್-ಡ್ರಾಯ್ಡಿಂದು ಮತ್ತು ಇಂಥ ಬೇರೆ ಹಲವು ಆ್ಯಪಿಂದು ವೆಬ್ಲೇಟಲ್ಲಿ, ಲಿನೇಜಿಂದು ಕ್ರೌಡಿನಲ್ಲಿ ಆಗ್ತದೆ, ಎರಡೂ ಅನುವಾದದ ವೆಬ್‌ಸೈಟು, ಬ್ರೌಸರ್ ಗೊತ್ತಿದ್ರೆ ಸಾಕು. ಅಂಗಡಿಯಲ್ಲಿ ಗಿರಾಕಿ ಇಲ್ಲದ ಮಧ್ಯಾಹ್ನ ಕೂತು ಹತ್ತಿಪ್ಪತ್ತು ಸಾಲು. ಒಂದೇ ಸಲಹೆ, ಮಾಡಿದ್ದನ್ನು ಫೋನಲ್ಲಿ ತೆರೆದು ನೋಡಿ, ಎಷ್ಟೋ ಕಡೆ ನಮ್ಮ ಪಾಂಡಿತ್ಯ ಬಟನಿನ ಒಳಗೆ ಹಿಡಿಸುದಿಲ್ಲ.

ಮ್ಯಾಪಿಗೆ ಬಂದ್ರೆ, ಗೂಗಲ್ ಮ್ಯಾಪ್ ಬಿಟ್ಟವನಿಗೆ ಜನರೇ ಸೇರಿ ತುಂಬಿಸುವ ಓಪನ್‌ಸ್ಟ್ರೀಟ್‌ಮ್ಯಾಪೇ ಗತಿ, ಆರ್ಗ್ಯಾನಿಕ್ ಮ್ಯಾಪ್ಸ್ ಥರದ ಆ್ಯಪು ಅದನ್ನೇ ಇಳಿಸಿಕೊಂಡು ನೆಟ್ ಇಲ್ಲದೆಯೂ ದಾರಿ ತೋರಿಸ್ತದೆ. ನಮ್ಮ ಭಾಗದಲ್ಲಿ ನಾನು ನೋಡಿದಾಗ ಒಳರಸ್ತೆ ಬಹಳ ಕಮ್ಮಿ ಇತ್ತು, ಎಷ್ಟೋ ಊರಿನ ಹೆಸರಿಗೆ ಕನ್ನಡ ರೂಪವೇ ಇರ್ಲಿಲ್ಲ. ಕಾಸರಗೋಡಿನ ಊರ ಹೆಸರಿನ ವಿಷಯ ಎಷ್ಟು ಸೂಕ್ಷ್ಮ ಅಂತ ಇಲ್ಲಿಯವರಿಗೆ ಬಿಡಿಸಿ ಹೇಳ್ಬೇಕಾಗಿಲ್ಲ. ಆ ಮ್ಯಾಪಲ್ಲಿ ಒಳ್ಳೆಯದೇನಂದ್ರೆ ಒಂದೇ ಊರಿಗೆ ಮಲಯಾಳಂ ಹೆಸರಿನ ಜಾಗ ಬೇರೆ, ಕನ್ನಡದ್ದು ಬೇರೆ, ತುಳು ಬೇಕಾದ್ರೆ ಅದಕ್ಕೂ ಉಂಟು, ಒಂದು ಹಾಕ್ಲಿಕ್ಕೆ ಇನ್ನೊಂದನ್ನು ಅಳಿಸ್ಬೇಕಾಗಿಲ್ಲ, ಜಗಳ ಇಲ್ಲ. ಸ್ವರ್ಗ, ಬಜಕೂಡ್ಲು, ನೀರ್ಚಾಲು ಅಂತ ಗೊತ್ತಿದ್ದದ್ದನ್ನೆಲ್ಲ ತುಂಬಿಸ್ತಾ ಹೋದೆ. ಗೂಗಲ್ ಮ್ಯಾಪ್ ನೋಡಿ ನಕಲು ಮಾಡುವ ಹಾಗಿಲ್ಲ, ಅದು ಕಡ್ಡಾಯ ನಿಯಮ, ನಾವೇ ಕಂಡದ್ದು, ನಡೆದದ್ದು, ಕೇಳಿ ತಿಳಿದದ್ದು ಮಾತ್ರ. ಸ್ಟ್ರೀಟ್‌ಕಂಪ್ಲೀಟ್ ಅಂತ ಆ್ಯಪುಂಟು, ಈ ರಸ್ತೆ ಡಾಮರಾ ಮಣ್ಣಾ, ಈ ಬಸ್‌ಸ್ಟಾಪಿಗೆ ಮಾಡು ಉಂಟಾ ಅಂತ ಕೇಳ್ತದೆ, ಒತ್ತಿದ್ರಾಯ್ತು. ಮಕ್ಕಳಿಗೆ ಕೊಟ್ರೆ ಆಟ ಅಂತಲೇ ಮಾಡ್ತಾರೆ.

ದುಡ್ಡು ಕೊಡುದು ಎಲ್ಲಕ್ಕಿಂತ ಸುಲಭ ಅಂತ ಭಾವಿಸಿದ್ದೆ. ಎಫ್-ಡ್ರಾಯ್ಡ್ ಓಪನ್ ಕಲೆಕ್ಟಿವ್, ಲಿಬರಾಪೇ ಅಂತ ದೇಣಿಗೆ ವೆಬ್‌ಸೈಟುಗಳಲ್ಲಿ ತಗೊಳ್ತದೆ, ಯುಪಿಐ ಇಲ್ಲ. ತಿಂಗಳು ತಿಂಗಳು ತಾನಾಗಿ ಹೋಗುವ ಹಾಗೆ ಇಡುವ ಅಂದ್ರೆ 2021ರ ಅಕ್ಟೋಬರಿಂದ ರಿಸರ್ವ್ ಬ್ಯಾಂಕಿನ ಇ-ಮ್ಯಾಂಡೇಟ್ ನಿಯಮ ಬಂದ ಮೇಲೆ ಹೊರದೇಶದ ಅಂಥ ಪಾವತಿ ನಮ್ಮ ಕಾರ್ಡಲ್ಲಿ ನಡೀದೇ ಹೋದದ್ದೇ ಹೆಚ್ಚು. ಕಾರ್ಡಲ್ಲಿ ಇಂಟರ್‌ನ್ಯಾಶನಲ್ ಆನ್ ಮಾಡಿ, ಅಡಿಕೆ ಮಾರಿದ ಸಮಯದಲ್ಲಿ ಒಂದೇ ಸಲ ಕೊಟ್ಟು, ಮತ್ತೆ ಆಫ್ ಮಾಡಿ ಇಡ್ತೇನೆ.

ಊರಿನವ್ರ ಫೋನಿಗೆ ನಾನಾಗಿಯೇ ಲಿನೇಜ್ ಹಾಕು ಅಂತ ಹೇಳುದಿಲ್ಲ. ಎಕ್ಸೋಡಸ್ ಅಂತ ಫ್ರಾನ್ಸಿನ ಒಂದು ಸಂಸ್ಥೆಯ ಆ್ಯಪುಂಟು, ಫೋನಲ್ಲಿರುವ ಯಾವ ಆ್ಯಪಲ್ಲಿ ಯಾರ್ಯಾರ ಟ್ರ್ಯಾಕರು ಸೇರಿದೆ ಅಂತ ಪಟ್ಟಿ ತೋರಿಸ್ತದೆ, ಕೇಳಿದವರಿಗೆ ಅದನ್ನು ತೋರಿಸ್ತೇನೆ. ಟಾರ್ಚ್ ಆ್ಯಪಿಗೆ ಇಷ್ಟೆಲ್ಲ ಎಂತಕ್ಕೆ ಅಂತ ಅವರೇ ಕೇಳ್ತಾರೆ, ಆಗ ಎಫ್-ಡ್ರಾಯ್ಡಿಂದ ಒಂದೆರಡು ಹಾಕಿ ಕೊಡ್ತೇನೆ. ಈಗ ಅದಕ್ಕೂ ಕಲ್ಲು ಬೀಳುವ ಲಕ್ಷಣ ಕಂಡಿದೆ. ಗೂಗಲ್ ಸರ್ಟಿಫೈ ಮಾಡಿದ ಆಂಡ್ರಾಯ್ಡ್ ಫೋನಿಗೆ ಪ್ಲೇಸ್ಟೋರಿನ ಹೊರಗಿಂದ ಹಾಕುವ ಆ್ಯಪಿನ ಡೆವಲಪರೂ ತನ್ನ ಗುರುತು ಕೊಟ್ಟು ನೋಂದಾಯಿಸ್ಬೇಕು ಅಂತ ಗೂಗಲ್ 2025ರ ಆಗಸ್ಟಿನಲ್ಲಿ ಹೇಳಿತು, 2026ರ ಸೆಪ್ಟೆಂಬರಿನಲ್ಲಿ ಬ್ರೆಜಿಲ್, ಇಂಡೊನೇಷ್ಯಾ, ಸಿಂಗಾಪುರ, ಥಾಯ್ಲೆಂಡಿಂದ ಸುರು ಅಂತ. ಹೀಗಾದ್ರೆ ನಾವು ಉಳಿಯುದೇ ಕಷ್ಟ ಅಂತ ಎಫ್-ಡ್ರಾಯ್ಡಿನವ್ರು ಬಹಿರಂಗವಾಗಿ ವಿರೋಧಿಸಿದ್ರು, ಆಮೇಲೆ ಗೊತ್ತಿದ್ದವ್ರಿಗೆ ಬೇರೆ ದಾರಿ ಇಡ್ತೇವೆ ಅಂತ ಗೂಗಲ್ ಹೇಳಿದೆ. ನನ್ನ ಫೋನಿಗೆ ತೊಂದ್ರೆ ಇಲ್ಲ, ಗೂಗಲ್ ಇಲ್ಲದ ಲಿನೇಜು ಆ ಸರ್ಟಿಫೈ ಲೆಕ್ಕಕ್ಕೇ ಬರುದಿಲ್ಲ, ಚಿಂತೆ ಇರುದು ಕೌಂಟರಿಗೆ ಬರುವವರದ್ದು.

ಸದ್ಯ ಅಂಗಡಿಯಲ್ಲಿ ರಿಟೈರ್ಡ್ ಮೇಷ್ಟ್ರೊಬ್ಬರ ಹಳೇ ಫೋನುಂಟು. ಅವರಿಗೆ ಪ್ರೈವೆಸಿ ಎಲ್ಲ ಬೇಡ, ನನ್ನ ಫೋನಲ್ಲಿ ಯೂಟ್ಯೂಬ್ ನೋಡುವ ನ್ಯೂಪೈಪ್ ಆ್ಯಪಲ್ಲಿ ಜಾಹೀರಾತಿಲ್ಲದೆ ತಾಳಮದ್ದಳೆ ಓಡುದನ್ನು ಕಂಡ್ರು, ಅರ್ಥಗಾರಿಕೆ ಒಳ್ಳೆ ಘಟ್ಟಕ್ಕೆ ಬರುವಾಗ ಸೋಪಿನ ಜಾಹೀರಾತು ಬರುದನ್ನು ಸಹಿಸಿ ಸಹಿಸಿ ಸಾಕಾಗಿತ್ತಂತೆ, "ನನ್ನದಕ್ಕೂ ಇದನ್ನೇ ಹಾಕು ಮಾರಾಯ" ಅಂದ್ರು. ಬರೇ ನ್ಯೂಪೈಪ್ ಹಾಕಿದ್ರೆ ಸಾಕು ಅಂದ್ರೂ ಕೇಳುದಿಲ್ಲ, ಪೂರಾ ನಿನ್ನ ಹಾಗೇ ಆಗ್ಬೇಕು ಅಂತ. ಕೋಡ್‌ನೇಮ್ ತಾಳೆ ಆಗಿದೆ, ಅನ್‌ಲಾಕಿಗೆ ಅರ್ಜಿ ಹಾಕಿಯಾಗಿದೆ, ಕಂಪೆನಿಯ ಉತ್ತರ ಬರ್ಬೇಕು. ಬ್ಯಾಟರಿ ಮಾತ್ರ ಉಬ್ಬಿದೆ, ಅದನ್ನು ಮೊದಲು ಬದಲಿಸ್ಬೇಕು, ನಾಳೆ ಕಾಸರಗೋಡಿಗೆ ಹೋಗುವವ್ರ ಹತ್ರ ಹೇಳಿ ತರಿಸ್ತೇನೆ.